ಕಂಬಳಿ ಬಿಟ್ಟೇಳದ ಅಮ್ಮ

ಜಂಬಕ್ಕನಿಗೆ ಕೂರುವುದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಕೂತವಳು ಏಳಬೇಕಲ್ಲ, ಅಲ್ಲಿತ್ತು ಪಂಚಾಯ್ತಿ.

ನೋವಾದರೂ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ನೋವಿಗೆ ತೆಲಿಗಿಯಂಥ ಊರಿನಲ್ಲಿ ಮರ್ಯಾದೆ ಇದೆ. ಸೊಂಟ ನೋವೆಂದರೆ ಎಣ್ಣೆ ಕಾಸಿ ತರುವವರಿದ್ದಾರೆ, ತಲೆನೋವೆಂದರೆ ದೃಷ್ಟಿ ತೆಗೆಯುವವರಿದ್ದಾರೆ. ಆದರೆ ಅವಳ ಕಾಲು ನೋಯುತ್ತಿರಲಿಲ್ಲ, ಮಾತು ಕೇಳುತ್ತಿರಲಿಲ್ಲ ಅಷ್ಟೆ. ಏಳು ಎಂದು ಹೇಳಿದರೆ ತೊಡೆಗಳೆರಡೂ ಆ ಮಾತು ಪಕ್ಕದ ಮನೆಯವರಿಗೆ ಎಂಬಂತೆ ತಣ್ಣಗಿರುತ್ತಿದ್ದವು.

ಹಾಗಾಗಿ ಜಂಬಕ್ಕ ಒಂದು ವಿದ್ಯೆ ಕಲಿತಿದ್ದಳು. ಮೊದಲು ಎರಡೂ ಕೈ ನೆಲಕ್ಕೆ ಊರುವುದು, ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ; ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ತಾನೇ ಹತ್ತುವುದು. ನಡುವೆ ಯಾರಾದರೂ ನೋಡಿಬಿಟ್ಟರೆ, ಬೆಂಡೋಲೆಯ ತಿರುಪು ಬಿದ್ದಿದೆ ಎಂದು ನೆಲ ತಡಕುವುದು. ಆ ವರ್ಷ ಅವಳ ತಿರುಪು ಬೀಳದ ಜಾಗವೇ ಮನೆಯಲ್ಲಿ ಉಳಿಯಲಿಲ್ಲ. ಗಂಡ ಗಾದೆಪ್ಪ ಯೋಚನೆ ಮಾಡಿ, ಇವಳ ಕಣ್ಣು ಮಂಜಾಗಿದೆ ಎಂದು ತೀರ್ಮಾನಿಸಿ, ಹರಪನಹಳ್ಳಿಗೆ ಕರೆದುಕೊಂಡು ಹೋಗಿ ಕನ್ನಡಕ ಕೊಡಿಸಿದ. ಕಾಲಿಗೆ ಬಂದ ಕಷ್ಟಕ್ಕೆ ಮೂಗಿನ ಮೇಲೆ ಕನ್ನಡಕ ಬಂತು. ಜಂಬಕ್ಕ ಅದನ್ನೂ ಹಾಕಿಕೊಂಡಳು. ಕನ್ನಡಕದಿಂದ ತಿರುಪಿನ ಸುಳ್ಳಿಗೆ ಸಾಕ್ಷಿ ಸಿಕ್ಕಂತಾಯಿತು.

ಪಾಯಖಾನೆಯಲ್ಲಿ ಕಿಟಕಿಯ ಸರಳಿಗೆ ಒಂದು ಉಣ್ಣೆ ಹಗ್ಗ ಕಟ್ಟಿಕೊಂಡಿದ್ದಳು, ಹಿಡಿದು ಏಳಲಿಕ್ಕೆ. ಅದು ಟವೆಲ್ಲು ಹಾಕಲು ಕಟ್ಟಿದ್ದೆಂದು ತಿಳಿದ ಗಾದೆಪ್ಪ, ಹೆಂಡತಿಯ ಜಾಣತನಕ್ಕೆ ಮೆಚ್ಚಿ ದಿನಾ ತನ್ನ ಟವೆಲ್ಲನ್ನು ಅದರ ಮೇಲೆ ಹಾಕಿ ಬರುತ್ತಿದ್ದ.

ಇಷ್ಟೆಲ್ಲ ಮುಚ್ಚಿಡುವುದಕ್ಕೆ ಕಾರಣ ಇತ್ತು. ಅವರದು ಕುರಿ ಸಾಕುವ ಮನೆತನ. ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ದೂರ ಹೋದ ಹಿಂಡು ಮುಂಗಾರಿಗೆ ಊರು ಸೇರಿದ ಮೇಲೆ, ಒಂದು ಮಂಗಳವಾರ ಮನೆದೇವರು ಉಚ್ಚಂಗೆಮ್ಮನಿಗೆ ಉಡಿ ತುಂಬುತ್ತಾರೆ. ಅಮ್ಮನ ಮುಂದೆ ಕರಿ ಕಂಬಳಿ ಹಾಸಿ, ಮನೆಯ ಹಿರಿ ಸೊಸೆಯನ್ನು ಅದರ ಮೇಲೆ ಕೂರಿಸಿ, ಅಣ್ಣತಮ್ಮಂದಿರ ಮನೆಗಳ ಹೆಂಗಸರೆಲ್ಲ ಅವಳ ಸೆರಗಿಗೆ ಜೋಳ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಬಾಳೆಹಣ್ಣು ಸುರಿಯುತ್ತಾರೆ. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಕೈ ಊರದೆ, ಕಾಳು ಚೆಲ್ಲದೆ, ಯಾರ ಆಸರೆಯೂ ಇಲ್ಲದೆ ಅವಳು ಎದ್ದು ಹೋಗಿ ಕುರಿ ಹಟ್ಟಿಯ ಬಾಗಿಲಲ್ಲಿ ಸುರಿಯಬೇಕು. ಅವಳು ಎದ್ದಷ್ಟು ಸಲೀಸಾಗಿ ಆ ವರ್ಷ ಹಿಂಡು ಏಳುತ್ತದೆ ಎಂಬುದು ನಂಬಿಕೆ.

ಜಂಬಕ್ಕನ ಅತ್ತೆ ಒಂದು ವರ್ಷ ಏಳುವಾಗ ಕೈ ಊರಿದಳು. ಯಾರೂ ಏನೂ ಅನ್ನಲಿಲ್ಲ. ಮುಂದಿನ ವರ್ಷ ಕಂಬಳಿಯ ಮೇಲೆ ಜಂಬಕ್ಕ ಕೂತಿದ್ದಳು, ಅತ್ತೆ ಗೋಡೆಗೆ ಒರಗಿ ಬಾಳೆಹಣ್ಣಿನ ತೊಟ್ಟು ಮುರಿದುಕೊಡುತ್ತಿದ್ದಳು. ಅಲ್ಲಿಂದಾಚೆ ಅವಳ ಮಾತನ್ನು ಮನೆಯಲ್ಲಿ ಯಾರೂ ಪೂರ್ತಿ ಕೇಳಿಸಿಕೊಂಡದ್ದು ಜಂಬಕ್ಕನಿಗೆ ನೆನಪಿಲ್ಲ. ವರ್ಷವೆಲ್ಲ ‘ಲೇ’ ಎಂದು ಕರೆಸಿಕೊಳ್ಳುವವಳನ್ನು ಕಂಬಳಿಯ ಮೇಲೆ ಕೂತ ಆ ಒಂದು ಹೊತ್ತು ಎಲ್ಲರೂ ತಾಯಿ ಎನ್ನುತ್ತಾರೆ. ಗಂಡನೂ ಬಗ್ಗಿ ಕಾಲು ಮುಟ್ಟುತ್ತಾನೆ. ಅದು ದೊಡ್ಡದೇ ಎಂದು ಯಾರಾದರೂ ಕೇಳಿದ್ದರೆ ಜಂಬಕ್ಕ ನಕ್ಕುಬಿಡುತ್ತಿದ್ದಳು. ಆದರೆ ಬಿಟ್ಟುಕೊಡು ಎಂದರೆ ಕೊಡುತ್ತಿರಲಿಲ್ಲ. ಅದರಲ್ಲೂ ನಾಗರತ್ನಳಿಗೆ.

ನಾಗರತ್ನ ಅಂದರೆ ನೆಗೆಣ್ಣಿ, ಗಾದೆಪ್ಪನ ತಮ್ಮ ಸೋಮಪ್ಪನ ಹೆಂಡತಿ. ಒಂದೇ ಅಂಗಳ, ಎರಡು ಒಲೆ. ಕೆಲಸದಲ್ಲಿ ಚುರುಕು, ಆದರೆ ಸೊಕ್ಕು. ಅಂಗಳದ ಆ ಕಡೆಯಿಂದ ಜಂಬಕ್ಕ ಎರಡು ಸಲ ಕರೆದರೂ ತಿರುಗುವುದಿಲ್ಲ. ಒಮ್ಮೊಮ್ಮೆ ಪಕ್ಕದಲ್ಲೇ ಕೂತು ಹೇಳಿದ ಮಾತಿಗೂ ಗೋಡೆಯ ಹಾಗೆ ಇದ್ದುಬಿಡುತ್ತಾಳೆ. ಇಂಥವಳು ನಾಳೆ ಕಂಬಳಿಯ ಮೇಲೆ ಕೂತು, ತಾನು ತೊಟ್ಟು ಮುರಿದುಕೊಡುವುದನ್ನು ನೆನೆಸಿಕೊಂಡರೆ ಜಂಬಕ್ಕನ ತೊಡೆಗೆ ಅರೆಗಳಿಗೆ ಶಕ್ತಿ ಬಂದಂತಾಗುತ್ತಿತ್ತು. ಅರೆಗಳಿಗೆ ಮಾತ್ರ.

ಮೂಲದಲ್ಲಿ ಇದ್ದದ್ದು ಕೀಲಿನ ಬಾವು. ಕೆಲವು ವರ್ಷಗಳ ಹಿಂದೆ ಬೆರಳ ಗೆಣ್ಣುಗಳು ಊದಿಕೊಂಡು ರೊಟ್ಟಿ ಬಡಿಯಲು ಆಗದಿದ್ದಾಗ ಒಬ್ಬ ಡಾಕ್ಟರು ಮಾತ್ರೆ ಬರೆದುಕೊಟ್ಟು, ಮತ್ತೆ ಬಂದು ತೋರಿಸಬೇಕು ಎಂದಿದ್ದರು. ಮಾತ್ರೆಯಿಂದ ಊತ ಇಳಿಯಿತು. ಊತ ಇಳಿದ ಮೇಲೆ ಡಾಕ್ಟರಿಗೆ ತೋರಿಸಲು ಏನು ಉಳಿಯಿತು ಎಂಬುದು ಗಾದೆಪ್ಪನ ಲೆಕ್ಕ. ಅಂದಿನಿಂದ ಅವನೇ ಮಾತ್ರೆಯ ಖಾಲಿ ಹಾಳೆ ಹಿಡಿದುಕೊಂಡು ಹೋಗಿ, ಇಂಥದ್ದೇ ಕೊಡು ಎಂದು ಔಷಧಿ ಅಂಗಡಿಯ ಅಮರೇಶನಿಂದ ತರುತ್ತಿದ್ದ. ಅಮರೇಶ ಒಮ್ಮೆ, ಇದು ಮಲೇರಿಯಾಕ್ಕೂ ಕೊಡುವ ಮಾತ್ರೆ ಎಂದದ್ದಕ್ಕೆ ಗಾದೆಪ್ಪ ಮನೆಗೆ ಬಂದು, ನಿನ್ನ ಗೆಣ್ಣಿಗೆ ಸೊಳ್ಳೆ ಕಡಿದಿತ್ತೇನಲೇ ಎಂದು ದಿನವೆಲ್ಲ ನಕ್ಕಿದ್ದ. ಕಾಲು ಸೋಲುತ್ತಿದೆ ಎಂದು ಅವಳು ಒಂದೇ ಒಂದು ಸಲ, ಅರ್ಧ ಬಾಯಿಯಲ್ಲಿ ಹೇಳಿದಾಗ ಅವನು ಸಲೀಸಾಗಿ ಪರಿಹಾರ ಕೊಟ್ಟ: ಒಂದಕ್ಕೆ ಎರಡು ನುಂಗು. ಕೈಗೆ ಒಂದಾಯಿತು, ಕಾಲಿಗೆ ಇನ್ನೊಂದು. ಜಂಬಕ್ಕನಿಗೂ ಅದು ಸರಿಯೆನಿಸಿತು. ಕಾಲು ಸೋತಷ್ಟೂ ಮಾತ್ರೆ ತಪ್ಪಿಸಲಿಲ್ಲ. ಮಾತ್ರೆ ತಪ್ಪಿಸದಷ್ಟೂ ಕಾಲು ಸೋಲುತ್ತಾ ಬಂತು.

ಆ ಮಂಗಳವಾರ ಬಂದೇ ಬಂತು. ಜಂಬಕ್ಕ ಹಸಿರು ಇಳಕಲ್ ಸೀರೆ ಉಟ್ಟು, ಕೈ ತಲೆಯ ಮೇಲೆ ನಿಲ್ಲದ್ದರಿಂದ ತುರುಬನ್ನು ಕತ್ತಿನ ಬುಡದಲ್ಲೇ ಸುತ್ತಿಕೊಂಡು, ಕಂಬಳಿಯ ಮೇಲೆ ಕೂತಳು. ಕೂರುವಾಗಲೇ ಧೊಪ್ಪನೆ ಕೂತಳು. ಅವಳಲ್ಲಿ ಒಂದು ಯೋಜನೆ ಇತ್ತು. ಅಮ್ಮನ ಗದ್ದುಗೆಯ ಕಟ್ಟೆ ಎಡಕ್ಕೂ ಚಾಚಿದೆ. ಮೊಣಕೈಯನ್ನು ಅದಕ್ಕೆ ತಾಗಿಸಿ, ಮೈ ಹೊರಳಿಸಿ, ಪೂಜಾರಿ ತೂರುವ ಭಂಡಾರದ ಅರಿಶಿನಕ್ಕೆ ಎಲ್ಲರೂ ಕಣ್ಣು ಮುಚ್ಚುವ ಹೊತ್ತಿನಲ್ಲಿ ಎದ್ದುಬಿಡುವುದು. ಆದರೆ ಈ ಸಲ ಹಿಂಡು ಚೆನ್ನಾಗಿ ಮರಿ ಹಾಕಿದ ಸಂತೋಷಕ್ಕೆ ಹೆಂಗಸರು ಬೊಗಸೆ ಬೊಗಸೆ ಜೋಳ ಸುರಿದರು. ಉಡಿ ಮೊಲದ ಹೊಟ್ಟೆಯಷ್ಟಿರಬೇಕಾದದ್ದು ಚೀಲದಷ್ಟಾಯಿತು. ಕಟ್ಟೆಗೆ ಮೊಣಕೈ ಕೊಟ್ಟಳು. ತೊಡೆಗೆ ಹೇಳಿದಳು. ತೊಡೆ ಪಕ್ಕದ ಮನೆಯವರನ್ನು ನೋಡಿತು.

ಅವಳ ಬಲಕ್ಕೆ, ಮೈಗೆ ಮೈ ತಾಗುವಂತೆ ನಾಗರತ್ನ ನಿಂತಿದ್ದಳು. ಪೂಜಾರಿ ಪಾಲಾಕ್ಷಪ್ಪ ಗಂಟೆ ಬಾರಿಸುತ್ತಿದ್ದ. ಜಂಬಕ್ಕ ಮಾನ ಮರ್ಯಾದೆಯನ್ನೆಲ್ಲ ನುಂಗಿಕೊಂಡು, ಜನ್ಮದಲ್ಲಿ ಕೇಳದ್ದನ್ನು ಅವಳ ಹತ್ತಿರ ಪಿಸುಮಾತಿನಲ್ಲಿ ಕೇಳಿದಳು.

“ನಾಗರತ್ನ, ಒಂಚೂರು ಕೈ ಕೊಡು. ಸೆರಗಿನ ಮರೆಯಾಗ.”

ನಾಗರತ್ನ ನೆಟ್ಟಗೆ ಅಮ್ಮನ ಮುಖ ನೋಡುತ್ತ ನಿಂತಿದ್ದಳು. ಜಂಬಕ್ಕ ಇನ್ನೊಮ್ಮೆ ಕೇಳಿದಳು. ಕಣ್ಣೂ ಅಲುಗಲಿಲ್ಲ. ಆ ಹೊತ್ತು ಜಂಬಕ್ಕನಿಗಾದ ಸಿಟ್ಟಿನಲ್ಲಿ ಎಂಥವರಾದರೂ ಎದ್ದು ನಿಲ್ಲಬೇಕಿತ್ತು. ಕಾಲು ಮಾತ್ರ ಏಳಲಿಲ್ಲ. ಮೈಯೆಲ್ಲ ಗಡಗಡ ನಡುಗತೊಡಗಿತು.

ಗಂಟೆ ನಿಂತಿತು. ಎಲ್ಲರೂ ಅವಳು ಏಳುವುದನ್ನು ಕಾಯುತ್ತಿದ್ದರು. ಜಂಬಕ್ಕನ ಹಣೆಯಲ್ಲಿ ಬೆವರು, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಹಲ್ಲು ಕಚ್ಚಿದ್ದಳು. ಹಿಂದಿನ ಸಾಲಿನ ಮುದುಕಿಯೊಬ್ಬಳು ಮೆಲ್ಲಗೆ, ಅಮ್ಮ ಮೈಮೇಲೆ ಬಂದಿದ್ದಾಳೆ ಎಂದಳು. ಆ ಮಾತು ಬಾಯಿಂದ ಬಾಯಿಗೆ ಹೋಗಿ ಅಂಗಳದ ಗಂಡಸರನ್ನು ಮುಟ್ಟಿ ವಾಪಸ್ಸು ಬರುವಷ್ಟರಲ್ಲಿ, ಅಮ್ಮ ಬಂದು ಕಂಬಳಿ ಹಿಡಿದು ಕೂತಿದ್ದಾಳೆ, ಏನೋ ತಪ್ಪಾಗಿದೆ, ಬಿಟ್ಟೇಳುವುದಿಲ್ಲವಂತೆ ಎಂದಾಗಿತ್ತು. ಚಪ್ಪಲಿ ಬಿಟ್ಟು ಗಂಡಸರು ಒಳಗೆ ಬಂದರು. ಗಾದೆಪ್ಪ ರುಮಾಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡ.

ಪಾಲಾಕ್ಷಪ್ಪ ಅವಳ ಹಣೆಗೆ ಅರಿಶಿನ ಹಚ್ಚಿ ಕೈ ಮುಗಿದ.

“ತಾಯಿ, ಯಾಕ ಕುಂತಿ? ಏನ್ ಬೇಕು ನಿನಗ?”

ಏನು ಬೇಕು ನಿನಗೆ. ಜಂಬಕ್ಕ ಆ ಮಾತನ್ನು ಕೇಳಿ ನಡುಗುವುದನ್ನು ಅರೆಗಳಿಗೆ ಮರೆತಳು. ಈ ಮನೆಗೆ ಕಾಲಿಟ್ಟ ಮೇಲೆ ಎಷ್ಟು ಜನ ಅವಳನ್ನು ಏನೇನೋ ಕೇಳಿದ್ದರು. ರೊಟ್ಟಿ ಆಯಿತಾ, ನೀರು ಕಾದಿದೆಯಾ, ಆ ಕುಡಗೋಲು ಎಲ್ಲಿಟ್ಟೆ. ಈ ಒಂದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಈಗ ಇಡೀ ಮನೆ ಕೈ ಮುಗಿದು ಕೇಳುತ್ತಿದೆ, ಕೇಳುತ್ತಿರುವುದು ಅವಳನ್ನಲ್ಲ. ಆದರೆ ಬಾಯಿ ಇದ್ದದ್ದು ಅವಳ ಹತ್ತಿರವೇ.

ನನ್ನ ಕಾಲಲ್ಲಿ ಶಕ್ತಿಯಿಲ್ಲ ಎಂದರೆ ಮುಂದಿನ ವರ್ಷ ಬಾಳೆಹಣ್ಣಿನ ತೊಟ್ಟು. ಹೇಳದೆ ಇದ್ದರೆ ಸಂಜೆಯವರೆಗೂ ಕಂಬಳಿ. ಅವಳ ಗಂಟಲಿನಿಂದ ಒಂದು ದಪ್ಪ ದನಿ ಹೊರಟಿತು. ಅದು ತನ್ನದೋ ಅಮ್ಮನದೋ ಎಂಬುದು ಜಂಬಕ್ಕನಿಗೆ ಇವತ್ತಿಗೂ ಬಗೆಹರಿದಿಲ್ಲ.

“ಈಕಿ ಕಾಲಾಗ ಕಸುವಿಲ್ಲ. ಈಕಿನ್ನ ದಾವಣಗೆರಿ ದೊಡ್ಡ ಡಾಕ್ಟ್ರಿಗೆ ತೋರ್ಸ್ರಿ.”

ಉಚ್ಚಂಗೆಮ್ಮ ಸೀರೆ ಕೇಳಿದ್ದುಂಟು, ಕುಪ್ಪಸದ ಕಣ ಕೇಳಿದ್ದುಂಟು, ಒಮ್ಮೆ ಸೋಮಪ್ಪನ ಹೊಸ ಬೈಕಿಗೆ ಪೂಜೆ ಮಾಡಿಸಲಿಲ್ಲವೆಂದು ಮುನಿದದ್ದೂ ಉಂಟು. ಡಾಕ್ಟರನ್ನು ಕೇಳಿದ್ದು ಇದೇ ಮೊದಲು. ಪಾಲಾಕ್ಷಪ್ಪನಿಗೆ ದೇವರ ಮಾತನ್ನು ಬಿಡಿಸಿ ಅರ್ಥ ಹೇಳಿ ಅಭ್ಯಾಸ. ಮೈಲಾರದ ಕಾರ್ಣಿಕದ ಒಂದು ಸಾಲು ಸಿಕ್ಕರೆ ಮಳೆ, ಮೆಕ್ಕೆಜೋಳ, ಎಲೆಕ್ಷನ್ನು ಮೂರನ್ನೂ ಅದರಲ್ಲಿ ತೋರಿಸುವವನು. ಈ ಮಾತಿನಲ್ಲಿ ಬಿಡಿಸಲು ಏನೂ ಇರಲಿಲ್ಲವಾಗಿ ಅವನು ಸ್ವಲ್ಪ ಪೆಚ್ಚಾದ. ಕೊನೆಗೆ, ಎಲುಬಿನ ಡಾಕ್ಟರೋ ನರದ ಡಾಕ್ಟರೋ ಅದಾದರೂ ಅಪ್ಪಣೆಯಾಗಲಿ ಎಂದು ಬೇಡಿಕೊಂಡ.

“ಅದು ಗೊತ್ತಿದ್ರ ನಾನ್ಯಾಕ ಇಲ್ಲಿ ಕುಂದರ್ತಿದ್ದೆ?” ಎಂದಳು ಅಮ್ಮ.

ಗಾದೆಪ್ಪ ಮುಂದೆ ಬಂದು, ಮರಿ ಮಾರುವ ಕಾಲ, ಮುಂದಿನ ತಿಂಗಳು ಖಂಡಿತ ಕರೆದುಕೊಂಡು ಹೋಗುತ್ತೇನೆ ಎಂದು ಕೈಮುಗಿದು ಚೌಕಾಸಿಗೆ ಇಳಿದ. ಅಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

“ನಾಳಿ,” ಎಂದಳು. ಸ್ವಲ್ಪ ತಡೆದು, “ಮುಂಜಾನಿ ಬಸ್ಸಿಗೆ.”

ಇನ್ನು ಏಳುವುದೊಂದು ಉಳಿದಿತ್ತು. ಎಬ್ಬಿಸಿ ಎಂದು ಅಮ್ಮನೇ ಹೇಳಿದಳು. ಮೈಮೇಲೆ ಅಮ್ಮನಿರುವಾಗ ಮುಟ್ಟುವುದು ಹೇಗೆ ಎಂಬ ಚರ್ಚೆಯಾಗಿ, ಕಂಬಳಿಯನ್ನು ಮುಟ್ಟಿದರೆ ದೋಷವಿಲ್ಲವೆಂದು ತೀರ್ಮಾನವಾಗಿ, ಗಂಡಸರು ನಾಲ್ಕು ಮೂಲೆ ಹಿಡಿದು ಅವಳನ್ನು ಕಂಬಳಿಸಮೇತ ಎತ್ತಿ ಹಟ್ಟಿಯ ಬಾಗಿಲಿಗೆ ಹೊತ್ತೊಯ್ದರು. ಜೋಲಿಯ ಕೂಸಿನ ಹಾಗೆ ತೂಗಾಡುತ್ತ ಜಂಬಕ್ಕ ಉಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಒಂದು ಕಾಳೂ ಚೆಲ್ಲಲಿಲ್ಲ. ಹೆಂಗಸರು ಆರತಿ ಹಿಡಿದು ಹಿಂದೆ ನಡೆದರು. ಮುಂದೆ ನಾಗರತ್ನ ನೀರು ಚಿಮುಕಿಸುತ್ತ ದಾರಿ ಬಿಡಿಸುತ್ತಿದ್ದಳು. ಅದನ್ನು ನೋಡಿ ಜಂಬಕ್ಕನ ಹೊಟ್ಟೆ ಕೊಂಚ ತಣ್ಣಗಾಯಿತು.

ದಾವಣಗೆರೆಯ ಡಾಕ್ಟರು ಹೆಂಗಸು, ಸಣ್ಣ ವಯಸ್ಸು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎದ್ದು ತೋರಿಸಿ ಎಂದರು. ಕೈ ಎತ್ತಿ ತಲೆ ಬಾಚುವ ಹಾಗೆ ಮಾಡಿ ಎಂದರು. ಜಂಬಕ್ಕ ಅಭ್ಯಾಸಬಲದಿಂದ ತಿರುಪು ಹುಡುಕತೊಡಗಿದಾಗ, ಬೆಂಡೋಲೆ ಸರಿಯಾಗಿಯೇ ಇದೆ ಎಂದು ಅವರು ನಕ್ಕರು. ಅವಳು ಮುಚ್ಚಿಟ್ಟದ್ದನ್ನೆಲ್ಲ ಆಕೆ ಕೇಳುತ್ತ ಹೋದರು: ಮೆಟ್ಟಿಲು ಹತ್ತಲು ಕಷ್ಟವೇ, ಪಾಯಖಾನೆಯಲ್ಲಿ ಏನು ಹಿಡಿದು ಏಳುತ್ತೀರಿ? ಹಗ್ಗದ ವಿಷಯ ಹೊರಬಿತ್ತು. ಗಾದೆಪ್ಪನ ಮುಖ ನೋಡುವಂತಿತ್ತು. ತನ್ನ ಟವೆಲ್ಲು ನೇತಾಡಿದ್ದೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು.

ಡಾಕ್ಟರಮ್ಮ ಅವಳ ತೊಡೆಯನ್ನು ಅದುಮಿ ನೋಡಿ, ಸ್ನಾಯು ಇಳಿದಿದೆ ಎಂದು ಗಾದೆಪ್ಪನಿಗೂ ತೋರಿಸಿದರು. ಅವನು ಸೀರೆಯ ಮೇಲಿನಿಂದಲೇ ಕೈಯಿಟ್ಟ. ಟಗರಿನ ತೊಡೆ ಹಿಡಿದು ಅದರ ಮೈಕಟ್ಟು ಹೇಳಬಲ್ಲ ಕೈ ಅದು. ದಿನಾ ಬೆಳಿಗ್ಗೆ ಹಟ್ಟಿಯಲ್ಲಿ ಒಂದೊಂದೇ ಕುರಿಯನ್ನು ಮುಟ್ಟಿ ನೋಡಿ, ಯಾವುದು ಬಡವಾಗಿದೆ, ಯಾವುದು ಮೇವು ಬಿಟ್ಟಿದೆ ಎನ್ನುವ ಕೈ. ಅವನು ಇನ್ನೊಂದು ತೊಡೆಯನ್ನೂ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡ.

“ಬತ್ತಿಬಿಟ್ಟೈತಿ,” ಎಂದ. “ಒಂದು ಕುರಿಗೆ ಹಿಂಗಾಗಿದ್ರ ನನಗ ಗೊತ್ತಾಗ್ತಿತ್ತು.”

ಜಂಬಕ್ಕ ಕಿಟಕಿಯ ಕಡೆ ತಿರುಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಕೇಳಿದ ಕ್ಷಮೆ ಅಂದರೆ ಇದೇ ಇರಬೇಕು ಎಂದುಕೊಂಡಳು. ಕುರಿಗೆ ಹೋಲಿಸಿದ್ದಕ್ಕೆ ಸಿಟ್ಟು ಬರಬೇಕಿತ್ತು. ಅವನಿಗೆ ಕುರಿ ಎಂದರೆ ಏನೆಂದು ಗೊತ್ತಿದ್ದುದರಿಂದ ಬರಲಿಲ್ಲ.

ರಕ್ತ ತೆಗೆದರು. ತೊಡೆಯಿಂದ ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಎಷ್ಟು ತೆಗೆದರು ಎಂದು ಗಾದೆಪ್ಪ ಕೇಳಿ, ಜೋಳದ ಕಾಳಿನಷ್ಟು ಎಂದು ಅವರು ಹೇಳಿದ ಮೇಲೆ ಸಮಾಧಾನಪಟ್ಟ. ಮತ್ತೆ ಹೋದಾಗ ಡಾಕ್ಟರಮ್ಮ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಇದು ಮಲೇರಿಯಾದ ಮಾತ್ರೆಯೇ, ಕೀಲುಬಾವಿಗೂ ಕೊಡುತ್ತಾರೆ, ಬಹಳ ಜನರಿಗೆ ಒಳ್ಳೆಯದನ್ನೇ ಮಾಡುತ್ತದೆ. ಆದರೆ ಅಪರೂಪಕ್ಕೆ ಕೆಲವರಲ್ಲಿ, ಅದರಲ್ಲೂ ವರ್ಷಗಟ್ಟಲೆ ತೋರಿಸದೆ ಹೆಚ್ಚು ನುಂಗಿದರೆ, ಸ್ನಾಯುವನ್ನೇ ಕೆಡಿಸುತ್ತದೆ. ನೋವಿಲ್ಲದೆ ಕೆಡಿಸುವುದರಿಂದ ಬೇಗ ತಿಳಿಯುವುದಿಲ್ಲ. ಕಣ್ಣಿಗೂ ತೊಂದರೆ ಮಾಡಬಲ್ಲದು, ಆದ್ದರಿಂದ ಕಣ್ಣಿನ ಪರೀಕ್ಷೆಯೂ ಆಗಬೇಕು. ಇನ್ನು ಇದು ನಿಮಗೆ ಬೇಡ, ಕೀಲಿಗೆ ಬೇರೆ ಕೊಡುತ್ತೇನೆ. ಶಕ್ತಿ ವಾಪಸ್ಸು ಬರುತ್ತದೆ, ಮೆಲ್ಲಗೆ ಬರುತ್ತದೆ.

“ಒಂದರ ಬದಲು ಎರಡು ನುಂಗಿ ಅಂತ ಹೇಳಿದ್ದು ಯಾರು?” ಎಂದು ಕೇಳಿದರು.

ಗಾದೆಪ್ಪ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಶಕ್ತಿ ಮೆಲ್ಲಗೇ ಬಂತು. ಡಾಕ್ಟರಮ್ಮ ಹೇಳಿಕೊಟ್ಟಂತೆ ಜಂಬಕ್ಕ ಕುರ್ಚಿಯ ಮೇಲೆ ಕೂತು ಏಳುವುದನ್ನು ಶುರು ಮಾಡಿದಳು. ಆಮೇಲೆ ಮಣೆ, ಆಮೇಲೆ ಹಟ್ಟಿಯ ಕಂಬ ಹಿಡಿದು ನೆಲ. ಕುರಿಗಳು ಮೆಲುಕು ಹಾಕುತ್ತ ಅವಳನ್ನು ನೋಡುತ್ತಿದ್ದವು. ತಮಗೆ ಹುಟ್ಟುತ್ತಲೇ ಬರುವುದನ್ನು ಈಕೆ ಇಷ್ಟು ದೊಡ್ಡ ಕೆಲಸ ಮಾಡಿಕೊಂಡಿದ್ದಾಳೆ ಎಂಬ ನೋಟ ಅದು. ಚಳಿಗಾಲದಲ್ಲಿ ತುರುಬು ಕತ್ತಿನಿಂದ ಮೇಲಕ್ಕೆ ಹತ್ತಿತು. ಒಂದು ಬೆಳಿಗ್ಗೆ ಅವಳು ಪಾಯಖಾನೆಯಿಂದ ಉಣ್ಣೆ ಹಗ್ಗವನ್ನು ಬಿಚ್ಚಿ ತಂದು ಗಂಡನ ಮುಂದೆ ಇಟ್ಟಳು. ಗಾದೆಪ್ಪ ಅದನ್ನು ಮಡಿಸಿ ಹಟ್ಟಿಯ ಗೂಟಕ್ಕೆ ಹಾಕಿ, ಇನ್ನು ಟವೆಲ್ಲು ಎಲ್ಲಿ ಹಾಕಲಿ ಎಂದು ಕೇಳಿದ.

ಊರಿನಲ್ಲಿ ಅಮ್ಮನ ಹೆಸರು ಹೆಚ್ಚಿತು. ಬೇರೆ ದೇವರುಗಳು ಲಿಂಬೆಹಣ್ಣು ಕೊಟ್ಟು ಕಳಿಸುತ್ತವೆ, ಇದು ಬಸ್ಸು ಹತ್ತಿಸುತ್ತದೆ ಎಂದು ಜನ ಮಾತಾಡಿಕೊಂಡರು. ಅಮರೇಶ ಅಂಗಡಿಯಲ್ಲಿ ಹಳೇ ಹಾಳೆ ನೋಡಿ ಮಾತ್ರೆ ಕೊಡುವುದನ್ನು ಬಿಟ್ಟ. ಹಟ ಮಾಡುವವರಿಗೆ, ತೆಲಿಗಿ ಅಮ್ಮ ಬೈತಾಳೆ ಎನ್ನುತ್ತಿದ್ದನಂತೆ.

ಜಂಬಕ್ಕ ಮಾತ್ರ ಒಂದನ್ನೇ ಕಾಯುತ್ತಿದ್ದಳು. ಮುಂದಿನ ವರ್ಷದ ಉಡಿಯ ಮಂಗಳವಾರ ಕಂಬಳಿಯಿಂದ ಚಂಗನೆ ಏಳಬೇಕು. ಉಡಿಯಲ್ಲಿ ಎಷ್ಟೇ ಜೋಳವಿರಲಿ, ಬುಗುರಿಯ ಹಾಗೆ ಎದ್ದು, ನಾಗರತ್ನಳ ಮುಖವನ್ನು ನೇರವಾಗಿ ನೋಡಬೇಕು. ಕೈ ಕೊಡು ಎಂದಾಗ ಕೊಡದವಳು ಈಗ ನೋಡಲಿ. ಅದಕ್ಕಾಗಿ ಅವಳು ತಿಂಗಳಿಡೀ ಜೋಳದ ಚೀಲ ಮಡಿಲಲ್ಲಿಟ್ಟುಕೊಂಡು ಹಟ್ಟಿಯಲ್ಲಿ ಎದ್ದೆದ್ದು ಕೂತಿದ್ದಳು.

ಮುಂಗಾರು ಬಂತು, ಹಿಂಡು ಬಂತು, ಕಂಬಳಿ ಹಾಸಿದ್ದಾಯಿತು. ಜನ ಹೋದ ವರ್ಷದ ಮೂರುಪಟ್ಟು ಸೇರಿದ್ದರು, ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಜಂಬಕ್ಕ ಕೂತಳು, ಧೊಪ್ಪನೆ ಅಲ್ಲ, ಹಗುರಾಗಿ. ಉಡಿ ತುಂಬಿತು. ಪಾಲಾಕ್ಷಪ್ಪನ ಗಂಟೆ ಶುರುವಾಯಿತು. ಅವಳ ತೊಡೆಗಳು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಸಿದ್ಧವಾಗಿದ್ದವು. ಇನ್ನೇನು ಏಳಬೇಕು.

ಕೊಬ್ಬರಿ ಬಟ್ಟಲು ಹಾಕುವ ನೆಪದಲ್ಲಿ ನಾಗರತ್ನ ಪೂರ್ತಿ ಬಗ್ಗಿದಳು. ಕಿವಿಯ ಹತ್ತಿರ ಬಾಯಿ ತಂದಳು.

“ಅಕ್ಕಾ, ಏಳಬ್ಯಾಡ. ನಂದೊಂದು ಕೇಳೋದೈತಿ ಅಮ್ಮನ್ನ.”

ಜಂಬಕ್ಕ ತಲೆಯೆತ್ತದೆ ಕೇಳಿಸಿಕೊಂಡಳು. ಗಂಟೆಯ ಸದ್ದಿನಲ್ಲಿ ನಾಗರತ್ನ ಅವಸರದಲ್ಲಿ ಹೇಳಿದಳು. ಅವಳ ಎಡಗಿವಿ ಕೇಳುವುದಿಲ್ಲ. ಸಣ್ಣ ಮಗ ಹುಟ್ಟಿದ ಮೇಲೆ ಮೆಲ್ಲಮೆಲ್ಲಗೆ ಹೋಯಿತು, ಈಗ ಆ ಕಡೆಯಿಂದ ಬಾಂಬು ಹಾಕಿದರೂ ತಿಳಿಯುವುದಿಲ್ಲ. ಕೆಪ್ಪಿ ಎಂದು ಹೆಸರಿಟ್ಟಾರು ಎಂದು ಯಾರಿಗೂ ಹೇಳಿಲ್ಲ, ಸೋಮಪ್ಪನಿಗೂ.

“ಸೊಕ್ಕು ಅಂತಾರ, ಅನ್ಲಿ ಅಂತ ಸುಮ್ಮನಿದ್ದೆ,” ಎಂದಳು. “ಅಮ್ಮ ಹೇಳಿದ್ರ ಒಲ್ಲೆ ಅನ್ನಂಗಿಲ್ಲ ನಮ್ಮನ್ಯಾರು.”

ಎಡಗಿವಿ. ಹೋದ ವರ್ಷ ತಾನು ಕೂತಿದ್ದದ್ದು ಇವಳ ಯಾವ ಬದಿಗೆ ಎಂದು ಜಂಬಕ್ಕ ಲೆಕ್ಕ ಹಾಕಿದಳು. ತನ್ನ ಬಲಕ್ಕೆ ಇವಳು, ಇಬ್ಬರದೂ ಮುಖ ಅಮ್ಮನ ಕಡೆ. ಅಂಗಳದಲ್ಲಿ ತಾನು ಕರೆಯುತ್ತಿದ್ದದ್ದೂ ಯಾವ ಕಡೆಯಿಂದ ಎಂದು ನೆನೆದಳು. ಒಂದೇ ಅಂಗಳದಲ್ಲಿ ಒಬ್ಬಳು ತಿರುಪು ಹುಡುಕುತ್ತ, ಇನ್ನೊಬ್ಬಳು ಸೊಕ್ಕು ತೋರಿಸುತ್ತ ಇಷ್ಟು ದಿನ ಬಾಳಿದ್ದರು. ನಗು ಬಂತು. ಅಮ್ಮ ಮೈಮೇಲೆ ಬಂದಾಗ ನಗಬಹುದೋ ಇಲ್ಲವೋ ಗೊತ್ತಿಲ್ಲದೆ ಅದನ್ನು ನುಂಗಿದಳು. ನುಂಗಿದ ನಗುವಿಗೆ ಭುಜ ಗಡಗಡ ನಡುಗಿತು.

“ಬಂದ್ಲು, ಬಂದ್ಲು,” ಎಂದರು ಹಿಂದಿನ ಸಾಲಿನವರು.

ಗಂಟೆ ನಿಂತಿತು. ಕಾಲುಗಳು ಹುರಿಗೊಂಡು ಕಾಯುತ್ತಿದ್ದವು. ಒಂದು ವರ್ಷದ ಶ್ರಮ, ತಿಂಗಳಿಡೀ ಎತ್ತಿದ ಚೀಲ, ಎಲ್ಲ ಅವುಗಳಲ್ಲಿತ್ತು. ಏಳು ಎಂದರೆ ಎದ್ದೇಬಿಡುತ್ತಿದ್ದವು. ಇನ್ನೊಂದು ವರ್ಷ ತಡೀರಿ ಎಂದು ಜಂಬಕ್ಕ ಅವಕ್ಕೆ ಒಳಗೊಳಗೇ ಹೇಳಿ, ಉಡಿಯನ್ನು ಮಡಿಲಿಗೆ ಇಳಿಸಿ, ಕಂಬಳಿಯ ಮೇಲೆ ಭದ್ರವಾಗಿ ಕೂತಳು.

ಪಾಲಾಕ್ಷಪ್ಪ ಕೈ ಮುಗಿದು ಮುಂದೆ ಬಂದ. ಅವನು ಬಾಯಿ ತೆರೆಯುವ ಮೊದಲೇ ಗಾದೆಪ್ಪ, ಕಂಕುಳಲ್ಲಿ ರುಮಾಲು ಹಿಡಿದು, ತಮ್ಮನ ಬೆನ್ನಿಗೆ ಮೆಲ್ಲಗೆ ತಿವಿದು, ನಾಳೆ ಮುಂಜಾನೆ ಬಸ್ಸು ಎಷ್ಟು ಹೊತ್ತಿಗಿದೆ ನೋಡಿಕೋ ಎಂದ.